ವಿಶ್ಲೇಷಣೆ: ಫೀಸ್ ಕಟ್ಟಿದ ಮಗುವಿನ ಡಬ್ಬಿಗಿಂತ ಸರ್ಕಾರಿ ಶಾಲೆ ತಟ್ಟೆಯೇ ವಾಸಿ!

ಮಾರ್ಟಳ್ಳಿ (ಹನೂರು ತಾಲ್ಲೂಕು): ಬೆಳಿಗ್ಗೆ ಶಾಲಾ ವ್ಯಾನ್ ಹಾರ್ನ್ ಹೊಡೆಯುವ ಹೊತ್ತಿಗೆ ನಮ್ಮೂರಿನ ಯಾವುದಾದರೂ ಅಂಗಡಿ ಮುಂದೆ ಐದು ನಿಮಿಷ ನಿಂತು ನೋಡಿ. ಯೂನಿಫಾರ್ಮ್ ಹಾಕಿದ ಮಗು, ಒಂದು ಕೈಯಲ್ಲಿ ಡಬ್ಬಿ ಬ್ಯಾಗು, ಇನ್ನೊಂದು ಕೈಯಲ್ಲಿ ಐದು ರೂಪಾಯಿ ಚಿಪ್ಸ್ ಪ್ಯಾಕೆಟ್. ಡಬ್ಬಿ ಒಳಗೆ ಬಹುತೇಕ ದಿನ ಚಿತ್ರಾನ್ನ, ಇಲ್ಲವೇ ನೂಡಲ್ಸ್. ಟೈಮ್ ಆಗದ ದಿನ ಬ್ರೆಡ್ ಜಾಮ್.

ಅದೇ ಹೊತ್ತಿಗೆ ಪಕ್ಕದ ಮನೆ ಮಗು ಖಾಲಿ ಕೈಯಲ್ಲಿ ಸರ್ಕಾರಿ ಶಾಲೆಗೆ ನಡೆದು ಹೋಗುತ್ತೆ. ಮಧ್ಯಾಹ್ನ ಈ ಇಬ್ಬರಲ್ಲಿ ಚೆನ್ನಾಗಿ ಊಟ ಮಾಡುವವರು ಯಾರು? ಸಾಲ ಮಾಡಿ ಫೀಸ್ ಕಟ್ಟಿದ ಪೋಷಕರಿಗೆ ಉತ್ತರ ಕಹಿ ಅನ್ನಿಸಬಹುದು. ಆದರೂ ಹೇಳಲೇಬೇಕು.

ತಟ್ಟೆಗೆ ಲೆಕ್ಕ ಇದೆ, ಡಬ್ಬಿಗೆ ಇಲ್ಲ

ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಬಿಸಿಯೂಟಕ್ಕೆ ಒಂದು ಅಳತೆ ಇದೆ. 1ರಿಂದ 5ನೇ ತರಗತಿ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ. ಒಟ್ಟು 450 ಕ್ಯಾಲೊರಿ, 12 ಗ್ರಾಂ ಪ್ರೋಟೀನ್ ಸಿಗಬೇಕು ಅಂತ ನಿಯಮ. 6ರಿಂದ 8ನೇ ತರಗತಿಗೆ ಇದು 700 ಕ್ಯಾಲೊರಿ, 20 ಗ್ರಾಂ ಪ್ರೋಟೀನ್. ಇದರ ಜೊತೆಗೆ 2013ರಿಂದ ಕ್ಷೀರಭಾಗ್ಯದ ಹಾಲು. 2024ರ ಫೆಬ್ರುವರಿಯಲ್ಲಿ ವಾರಕ್ಕೆ ಮೂರು ದಿನ ಹಾಲಿನ ಜೊತೆ ರಾಗಿ ಮಾಲ್ಟ್ ಕೊಡೋದು ಶುರುವಾಯಿತು. ಅದೇ ವರ್ಷ ಅಜೀಂ ಪ್ರೇಮ್‌ಜಿ ಫೌಂಡೇಷನ್ ನೆರವಿನಿಂದ ಮೊಟ್ಟೆ ವಿತರಣೆ ವಾರಕ್ಕೆ ಆರು ದಿನಕ್ಕೆ ಏರಿತು. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು.

ಎಲ್ಲಾ ಶಾಲೆಯಲ್ಲೂ ಎಲ್ಲಾ ದಿನವೂ ಇದು ನೂರಕ್ಕೆ ನೂರು ನಡೆಯುತ್ತೆ ಅಂತ ನಾನು ಹೇಳುತ್ತಿಲ್ಲ. ಆದರೆ ಅಲ್ಲಿ ಕೇಳೋಕೆ ಒಂದು ಲೆಕ್ಕ ಇದೆ, ಎಸ್‌ಡಿಎಂಸಿ ಇದೆ. ಅನುದಾನರಹಿತ ಖಾಸಗಿ ಶಾಲೆ ಮಗುವಿನ ಡಬ್ಬಿಗೆ ಇರೋದು ಅಮ್ಮನ ಬೆಳಗಿನ ಅರ್ಧ ಗಂಟೆ ಮಾತ್ರ. ಬರೀ ಚಿತ್ರಾನ್ನದಿಂದ ಹೊಟ್ಟೆ ತುಂಬುತ್ತೆ, ಆದರೆ ಪ್ರೋಟೀನ್ ಲೆಕ್ಕ ತುಂಬಲ್ಲ.

ಇದು ಸಣ್ಣ ವಿಷಯ ಅಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 65.5ರಷ್ಟು ಮಂದಿಗೆ ರಕ್ತಹೀನತೆ. ಆ ಮಕ್ಕಳೇ ಈಗ ಶಾಲೆ ಬೆಂಚಿನ ಮೇಲೆ ಕೂತಿರೋದು. ಮಧ್ಯಾಹ್ನದ ಮೇಲೆ ತೂಕಡಿಸುವ ಮಗುವನ್ನು ಸೋಮಾರಿ ಅನ್ನೋ ಮೊದಲು ಅದರ ಡಬ್ಬಿ ತೆಗೆದು ನೋಡಬೇಕು.

ತಾಯಂದಿರನ್ನು ಬೈದು ಪ್ರಯೋಜನ ಇಲ್ಲ

ನಮ್ಮ ಭಾಗದಲ್ಲಿ ಕೂಲಿಗೆ, ಹೊಲಕ್ಕೆ ಬೆಳಿಗ್ಗೆಯೇ ಹೊರಡುವ ಹೆಂಗಸರೇ ಹೆಚ್ಚು. ಎಷ್ಟೋ ಮನೆಗಳಲ್ಲಿ ಅಪ್ಪ ಅಮ್ಮ ದುಡಿಯೋಕೆ ಹೊರಗಡೆ, ಮಕ್ಕಳು ಅಜ್ಜಿ ಹತ್ತಿರ. ಎರಡು ನಿಮಿಷದ ನೂಡಲ್ಸ್ ಗೆದ್ದಿರೋದು ರುಚಿಯಿಂದ ಮಾತ್ರ ಅಲ್ಲ, ಟೈಮ್‌ನಿಂದ.

ಇನ್ನೊಂದು ಕಾರಣ ಇದೆ, ಅದನ್ನು ಯಾರೂ ಬಾಯಿಬಿಟ್ಟು ಹೇಳಲ್ಲ: ನಾಚಿಕೆ. ನಾನು ಓದುವಾಗ ರಾಗಿ ರೊಟ್ಟಿ ತಂದ ದಿನ ಡಬ್ಬಿ ಮುಚ್ಚಳವನ್ನು ಅಡ್ಡ ಹಿಡಿದುಕೊಂಡು ತಿಂದವನು. ಪಕ್ಕದವನ ಡಬ್ಬಿಯಲ್ಲಿ ಬಿಳಿ ಅನ್ನ, ನನ್ನದು ಕಪ್ಪು ರೊಟ್ಟಿ. ಮನೆಗೆ ಬಂದು ನಾಳೆಯಿಂದ ಇದು ಬೇಡ ಅಂತ ಹಟ ಮಾಡಿದ್ದೂ ನೆನಪಿದೆ. ಕನ್ನಡದ ಮನೆಯಲ್ಲಿ ಮುದ್ದೆ, ತಮಿಳು ಮಾತಾಡುವ ಮನೆಯಲ್ಲಿ ಕಳಿ, ಹೆಸರು ಬೇರೆ ಆದರೂ ನಮ್ಮೂರನ್ನು ಸಾಕಿದ್ದು ಅದೇ ರಾಗಿ. ಅದು ಬಡವರ ಊಟ ಅಂತ ನಾವೇ ಮಕ್ಕಳಿಗೆ ಕಲಿಸಿದೆವು. ಈಗ 2023 ಅನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷ ಅಂತ ಆಚರಿಸಿತು, ಬೆಂಗಳೂರಿನವರು ರಾಗಿ ಬಿಸ್ಕೆಟ್‌ಗೆ ದುಬಾರಿ ದುಡ್ಡು ಕೊಡ್ತಾರೆ!

100 ಗ್ರಾಂ ರಾಗಿಯಲ್ಲಿ ಸುಮಾರು 340 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅಷ್ಟೇ ಬಿಳಿ ಅಕ್ಕಿಯಲ್ಲಿ ಹತ್ತು ಮಿಲಿಗ್ರಾಂ ಆಸುಪಾಸು. ಬೆಳೆಯುವ ಮೂಳೆಗೆ ಯಾವುದು ಬೇಕು ಅಂತ ಬೇರೆ ಹೇಳಬೇಕಾಗಿಲ್ಲ.

ಹಾಗಾದರೆ ಡಬ್ಬಿಗೆ ಏನು ಹಾಕೋದು?

ಮುದ್ದೆ ಡಬ್ಬಿಗೆ ಆಗಲ್ಲ, ಮಧ್ಯಾಹ್ನಕ್ಕೆ ಗಟ್ಟಿಯಾಗುತ್ತೆ. ರೊಟ್ಟಿ ಆಗುತ್ತೆ: ಬಿಸಿನೀರಲ್ಲಿ ಹಿಟ್ಟು ಕಲಸಿ, ನುಗ್ಗೆ ಸೊಪ್ಪು, ಈರುಳ್ಳಿ ಹಾಕಿ ತಟ್ಟಿದರೆ ಮೆತ್ತಗಿರುತ್ತೆ. ರಾತ್ರಿ ಉದ್ದಿನ ಹಿಟ್ಟಿಗೆ ರಾಗಿ ಹಿಟ್ಟು ಕಲಸಿಟ್ಟರೆ ಬೆಳಿಗ್ಗೆ ಹತ್ತು ನಿಮಿಷದಲ್ಲಿ ನಾಲ್ಕು ದೋಸೆ. ಹುರುಳಿಯನ್ನು ನೆನೆಸಿ ಬಟ್ಟೆಯಲ್ಲಿ ಕಟ್ಟಿಟ್ಟರೆ ಮೊಳಕೆ ತಾನಾಗೇ ಬರುತ್ತೆ, ಅದರ ಪಲ್ಯ ಸಾಕು. ಚಿತ್ರಾನ್ನವೇ ಮಾಡಿದರೂ ಒಂದು ಹಿಡಿ, ಅಂದರೆ 30 ಗ್ರಾಂ ಕಡಲೆಕಾಯಿ ಬೀಜ ಹಾಕಿ. ಅದರಿಂದಲೇ ಸುಮಾರು 7 ಗ್ರಾಂ ಪ್ರೋಟೀನ್ ಬರುತ್ತೆ. ಮೇಲೆ ನಿಂಬೆಹುಳಿ ಹಿಂಡಿದರೆ ಕಾಳು, ಸೊಪ್ಪಿನ ಕಬ್ಬಿಣದ ಅಂಶ ಮೈಗೆ ಹತ್ತುತ್ತೆ.

ಬಿಸಿಲು ಕಾಲದಲ್ಲಿ ಕಾಯಿ ಚಟ್ನಿ ಬೇಗ ಹುಳಿಯಾಗುವ ಭಯ ಇದೆ, ಬದಲಿಗೆ ಹುಚ್ಚೆಳ್ಳು ಚಟ್ನಿಪುಡಿ ಹಾಕಿ. ಮೊಟ್ಟೆ ಬೇಯಿಸಿದರೆ ಸಿಪ್ಪೆ ಸಮೇತ ಕಳಿಸಿ, ಮಗು ಅಲ್ಲೇ ಸುಲಿದುಕೊಳ್ಳುತ್ತೆ. ಹಬೆ ಆರಿದ ಮೇಲೆ ಮುಚ್ಚಳ ಹಾಕಿ. ರಾತ್ರಿಯ ಅನ್ನ ಬೇಡ. ಮತ್ತೆ, ರಾತ್ರಿ ಕಾಳು ನೆನೆಹಾಕೋಕೆ, ಸೊಪ್ಪು ಬಿಡಿಸೋಕೆ ಅಪ್ಪಂದಿರ ಕೈಗೂ ಬರುತ್ತೆ.

ಅಂಗಡಿಯವರಿಗೆ ಒಂದು ಮಾತು

ಶಾಲೆಯಿಂದ 100 ಗಜದೊಳಗೆ ಬೀಡಿ ಸಿಗರೇಟ್ ಮಾರಬಾರದು ಅಂತ ಎಲ್ಲರಿಗೂ ಗೊತ್ತು. ಉಪ್ಪು, ಸಕ್ಕರೆ, ಕೊಬ್ಬು ಜಾಸ್ತಿ ಇರುವ ತಿಂಡಿಗಳನ್ನು ಶಾಲೆ ಗೇಟಿನಿಂದ 50 ಮೀಟರ್ ಒಳಗೆ ಮಕ್ಕಳಿಗೆ ಮಾರುವಂತಿಲ್ಲ ಅಂತ 2020ರ ಆಹಾರ ಸುರಕ್ಷತಾ ನಿಯಮವೂ ಹೇಳುತ್ತೆ. ಇದು ಎಷ್ಟು ಅಂಗಡಿಯವರಿಗೆ ಗೊತ್ತಿದೆ? 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಗೋಬಿ ಮಂಚೂರಿ, ಕಾಟನ್ ಕ್ಯಾಂಡಿಗೆ ಕೃತಕ ಬಣ್ಣ ಹಾಕೋದನ್ನು ನಿಷೇಧಿಸಿದ್ದು ಮಾತ್ರ ಸುದ್ದಿ ಆಯ್ತು.

ವ್ಯಾಪಾರ ಬಿಡಿ ಅಂತ ಯಾರೂ ಹೇಳಲ್ಲ. ಕೌಂಟರ್ ಮುಂದೆ, ಮಗುವಿನ ಕಣ್ಣಿಗೆ ಬೀಳುವ ಎತ್ತರದಲ್ಲಿ ತೂಗಾಡುವುದು ಚಿಪ್ಸ್ ಸರ ಆಗಿರಬೇಕಾ, ಕಡಲೆಮಿಠಾಯಿ ಡಬ್ಬ, ಬಾಳೆಗೊನೆ ಆಗಬಾರದಾ? ಐದು ರೂಪಾಯಿ ಪ್ಯಾಕೆಟ್‌ಗೆ ಇನ್ನೆರಡು ಮೂರು ರೂಪಾಯಿ ಸೇರಿಸಿದರೆ ಒಂದು ಮೊಟ್ಟೆಯೇ ಬರುತ್ತೆ.

2018ರ ಡಿಸೆಂಬರ್ 14ರಂದು ಪಕ್ಕದ ಸುಳ್ವಾಡಿ ಮಾರಮ್ಮನ ಗುಡಿಯಲ್ಲಿ ಪ್ರಸಾದ ತಿಂದು 17 ಜನ ತೀರಿಕೊಂಡಿದ್ದನ್ನು ಈ ಭಾಗದಲ್ಲಿ ಮರೆತವರಿಲ್ಲ. ಮಗುವಿನ ಬಾಯಿಗೆ ಏನು ಹೋಗ್ತಿದೆ ಅಂತ ನೋಡಬೇಕು ಅನ್ನೋದನ್ನು ನಮಗೆ ಯಾರೂ ಬಂದು ಹೇಳಬೇಕಾಗಿಲ್ಲ. ಹೊರಗೆ ಕೊಟ್ಟ ಊಟದ ಬಗ್ಗೆ ಇರುವ ಎಚ್ಚರ, ದಿನಾ ನಮ್ಮ ಕೈಯಾರೆ ಕಟ್ಟುವ ಡಬ್ಬಿ ಬಗ್ಗೆಯೂ ಇರಲಿ.

ಮುಂದಿನ ಪೋಷಕರ ಸಭೆಯಲ್ಲಿ ಮಾರ್ಕ್ಸ್ ಕೇಳಿ, ಬೇಡ ಅನ್ನಲ್ಲ. ಅದರ ಜೊತೆಗೆ ಇನ್ನೊಂದು ಕೇಳಿ: ವಾರಕ್ಕೆ ಎರಡು ದಿನ ಎಲ್ಲಾ ಮಕ್ಕಳೂ ರಾಗಿ ತರಲಿ ಅಂತ ಶಾಲೆಯೇ ಹೇಳಬಾರದಾ? ಎಲ್ಲರ ಡಬ್ಬಿಯಲ್ಲೂ ಅದೇ ಇದ್ದರೆ ಯಾವ ಮಗುವೂ ಮುಚ್ಚಳ ಅಡ್ಡ ಹಿಡಿಯಬೇಕಾಗಿಲ್ಲ.