ಲೋಕೋತ್ಸವವೂ ಲೋಕದ ಕರ್ತವ್ಯವೂ

ರಾಮನಗರದ ಸಮೀಪದಲ್ಲಿರುವ ಜಾನಪದ ಲೋಕದಲ್ಲಿ ವರ್ಷಕ್ಕೊಮ್ಮೆ ಜರುಗುವ ಲೋಕೋತ್ಸವವು ನಮ್ಮ ನಾಡಿನ ಉತ್ಸವಗಳ ಪೈಕಿ ವಿಶಿಷ್ಟ ಸ್ಥಾನಕ್ಕೆ ಅರ್ಹವಾದುದು. ವಸ್ತುಸಂಗ್ರಹಾಲಯವೆಂದೊಡನೆ ನಗರವಾಸಿಗಳ ಕಣ್ಣಮುಂದೆ ನಿಲ್ಲುವುದು ಬೀಗ ಹಾಕಿದ ಗಾಜಿನ ಪೆಟ್ಟಿಗೆ, ಮಾಸಿದ ಚೀಟಿ ಮತ್ತು ತೂಕಡಿಸುವ ಕಾವಲುಗಾರ. ಇಲ್ಲಿಯಾದರೋ ಒಳಗಡೆ ಗೋಡೆಯ ಮೇಲಿರುವ ವಾದ್ಯದ ಸೋದರವಾದ್ಯವು ಹೊರಗಣ ಅಂಗಳದಲ್ಲಿ ನುಡಿಯುತ್ತದೆ. ಒಳಗೆ ಮೌನವಾಗಿರುವ ಮುಖವಾಡವು ಹೊರಗೆ ಕುಣಿಯುತ್ತದೆ. ಸತ್ತ ಸಾಮಗ್ರಿಗೂ ಬದುಕಿರುವ ಕಲೆಗೂ ಇರುವ ಸಂಬಂಧವನ್ನು ಪ್ರತ್ಯಕ್ಷವಾಗಿ ತೋರಿಸತಕ್ಕ ಇಂತಹ ಏರ್ಪಾಡು ಸರ್ವಥಾ ಪ್ರಶಂಸನೀಯವೆಂಬುದು ನಮ್ಮ ಅಭಿಪ್ರಾಯ.

ಈ ಸಂಸ್ಥೆಯ ಹುಟ್ಟನ್ನು ನಮ್ಮ ಅಧಿಕಾರಿವರ್ಗದವರು ವಿಶೇಷವಾಗಿ ಸ್ಮರಿಸಬೇಕು. ಇದನ್ನು ಕಟ್ಟಿದವರು ಅರಸರಲ್ಲ, ಧನಿಕ ವರ್ತಕರಲ್ಲ. ಸರ್ಕಾರಿ ನೌಕರಿಯಲ್ಲಿ ಮೇಲೇರಿ ಜಿಲ್ಲಾಧಿಕಾರಿಗಳಾಗಿ ಕೆಲಸ ಮಾಡಿದ ದಿವಂಗತ ಎಚ್. ಎಲ್. ನಾಗೇಗೌಡರು. ನಾಗಮಂಗಲ ತಾಲ್ಲೂಕಿನ ಹಳ್ಳಿಯೊಂದರಲ್ಲಿ 1915ರಲ್ಲಿ ಜನಿಸಿದ ಅವರು, ಅಧಿಕಾರದ ಸಂಚಾರದಲ್ಲಿ ಸಾಮಾನ್ಯರು ಕಂದಾಯದ ಲೆಕ್ಕವನ್ನಷ್ಟೇ ಕಾಣುವ ಊರುಗಳಲ್ಲಿ ಹಾಡನ್ನು ಕೇಳಿದರು, ಕಥೆಯನ್ನು ಬರೆದುಕೊಂಡರು. 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತು ಸ್ಥಾಪಿತವಾಯಿತು. 1994ರಲ್ಲಿ ಜಾನಪದ ಲೋಕದ ಬಾಗಿಲು ತೆರೆಯಿತು. ಮರುವರ್ಷ ಮುಧೋಳದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠವು ಅವರಿಗೆ ಸಂದಿತು. 2005ರಲ್ಲಿ ಅವರು ಕಾಲವಶರಾದರೂ ಸಂಸ್ಥೆಯು ಕೈಬಿಡದೆ ನಡೆದುಬಂದಿದೆ. ನಿವೃತ್ತಿಯೆಂದರೆ ವಿಶ್ರಾಂತಿಯೆಂದು ಭಾವಿಸುವವರಿಗೆ ಇದಕ್ಕಿಂತ ಉತ್ತಮವಾದ ಉತ್ತರವು ಬೇಕಿಲ್ಲ.

ಅಲ್ಲಿ ಕೂಡಿಟ್ಟಿರುವುದಾದರೂ ಏನು? ಲೋಕಮಾತಾ ಮಂದಿರದಲ್ಲಿ ಒನಕೆ, ಬೀಸುವ ಕಲ್ಲು, ಮಡಕೆ, ಅಳತೆಯ ಸೇರು ಪಾವುಗಳು. ಲೋಕಮಹಲಿನಲ್ಲಿ ತೊಗಲುಗೊಂಬೆ, ಯಕ್ಷಗಾನದ ಉಡುಪು, ದೈವಗಳ ಮುಖವಾಡ. ಆಯಗಾರರ ಮಾಲೆಯಲ್ಲಿ ಕುಂಬಾರನ ಚಕ್ರ, ಗಾಣಿಗನ ಗಾಣ. ಶಿಲ್ಪಮಾಲೆಯಲ್ಲಿ ಊರಿಗಾಗಿ ಮಡಿದವರ ವೀರಗಲ್ಲು. ಒಂದು ತಲೆಮಾರಿನ ಹಿಂದೆ ಯಾರೂ ಬೆಲೆಕಟ್ಟದೆ ಹಿತ್ತಿಲಿಗೆ ಎಸೆದ ಪದಾರ್ಥಗಳೇ ಇವು. ಅವುಗಳನ್ನು ಆಯ್ದು ತಂದು ಗೌರವದ ಪೀಠದ ಮೇಲಿಟ್ಟುದರಿಂದ, ಚರಿತ್ರೆಯೆಂಬುದು ರಾಜವಂಶಗಳ ಪಟ್ಟಿ ಮಾತ್ರವಲ್ಲ, ದುಡಿದ ಕೈಗಳ ವೃತ್ತಾಂತವೂ ಹೌದೆಂಬುದು ಎಳೆಯ ಮಕ್ಕಳಿಗೂ ತಿಳಿಯುವಂತಾಯಿತು.

ಆದರೆ ತೊಗಲುಗೊಂಬೆಯು ಗೋಡೆಯ ಮೇಲಿರುವಾಗ ಬಣ್ಣ ಬಳಿದ ಚರ್ಮ ಮಾತ್ರ. ಬಿಳಿಯ ಪರದೆಯ ಹಿಂದೆ ದೀಪವಿಟ್ಟು, ಆಡಿಸುವಾತನು ರಾಮನಾಗಿಯೂ ರಾವಣನಾಗಿಯೂ ತಾನೇ ಮಾತನಾಡಿ, ಮನೆಯ ಹೆಂಗಸರು ಮಕ್ಕಳು ಹಾಡಿಗೆ ದನಿಗೂಡಿಸಿ ತಾಳ ಹಾಕಿದಾಗಲೇ ಅದಕ್ಕೆ ಪ್ರಾಣ. ಕಂಸಾಳೆಯು ಕಂಚಿನ ಬಟ್ಟಲಾಗಿ ಉಳಿಯದೆ ಮಾದಪ್ಪನ ಮಹಿಮೆಯಾಗುವುದು ದೇವರಗುಡ್ಡನ ಕೈಯಲ್ಲಿ. ತಮಟೆಯ ಮಾತು ತಿಳಿಯುವುದು ಬೆಂಕಿಯಲ್ಲಿ ಕಾಯಿಸಿ ಬಡಿದಾಗ. ವಸ್ತುವನ್ನು ಕಾಪಾಡಲು ಕಟ್ಟಡ ಸಾಕು. ವಿದ್ಯೆಯನ್ನು ಕಾಪಾಡಲು ವಿದ್ಯಾವಂತನೂ ಅವನಿಗೊಬ್ಬ ಶಿಷ್ಯನೂ ಬೇಕು. ಉತ್ಸವದ ಮಹತ್ವವೂ, ಅದರ ಮಿತಿಯೂ, ಈ ಒಂದು ಮಾತಿನಲ್ಲಿಯೇ ಅಡಗಿವೆ.

ಉತ್ಸವವು ಮುಗಿದ ಮರುದಿನ ಕಲಾವಿದನು ಎಲ್ಲಿಗೆ ಹೋಗುತ್ತಾನೆ? ಹೆಗಲಿಗೆ ಡೊಳ್ಳನ್ನು ಏರಿಸಿ ಬಸ್ಸು ಹತ್ತಿ ಊರಿಗೆ ಹಿಂದಿರುಗುತ್ತಾನೆ. ಬೆಳಗಾದರೆ ಕೂಲಿಯ ಕೆಲಸ ಅವನನ್ನು ಕಾದಿರುತ್ತದೆ. ಬೀಸುವ ಕಲ್ಲು ನಿಂತಾಗ ಬೀಸುವ ಹಾಡು ನಿಂತಿತು. ಕಣವು ಮಾಯವಾದಾಗ ಸುಗ್ಗಿಯ ಪದವೂ ಮಾಯವಾಯಿತು. ಚಲನಚಿತ್ರ, ದೂರದರ್ಶನ, ಈಗ ಅಂಗೈಯಗಲದ ದೂರವಾಣಿ ಬಂದ ಮೇಲೆ ರಾತ್ರಿಯೆಲ್ಲ ಕುಳಿತು ಗೊಂಬೆಯಾಟ ನೋಡುವವರಿಲ್ಲ. ಇಂತಹ ಸ್ಥಿತಿಯಲ್ಲಿ ತಂದೆಯ ವಿದ್ಯೆಯನ್ನು ಮಗನು ಕಲಿಯಲಿಲ್ಲವೆಂದು ಮಗನನ್ನು ದೂಷಿಸುವುದು ನ್ಯಾಯವಲ್ಲ. ಹೊಟ್ಟೆಗೆ ಹಿಟ್ಟಿಲ್ಲದ ವಿದ್ಯೆಯನ್ನು ಯಾರು ತಾನೆ ಮಕ್ಕಳಿಗೆ ಆಸ್ತಿಯಾಗಿ ಬಿಟ್ಟುಹೋದಾರು?

ಇತ್ತೀಚೆಗೆ ಕೇಂದ್ರ ಸರ್ಕಾರವು ಪದ್ಮಶ್ರೀ ಪ್ರಶಸ್ತಿಯನ್ನು ಹಳ್ಳಿಯ ಕಲಾವಿದರಿಗೂ ಸಲ್ಲಿಸುತ್ತಿರುವುದು ಸಂತೋಷದ ಸಂಗತಿ. ಅಂಕೋಲೆಯ ಹಾಲಕ್ಕಿ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡ ಅವರಿಗೆ 2017ರಲ್ಲಿ, ಜೋಗತಿ ನೃತ್ಯದ ಮಂಜಮ್ಮ ಜೋಗತಿ ಅವರಿಗೆ 2021ರಲ್ಲಿ, ತಮಟೆಯ ಮುನಿವೆಂಕಟಪ್ಪನವರಿಗೆ 2023ರಲ್ಲಿ, ಕೊಪ್ಪಳ ಜಿಲ್ಲೆಯ ಮೊರನಾಳದ ತೊಗಲುಗೊಂಬೆ ಕಲಾವಿದೆ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಈ ಮನ್ನಣೆ ಸಂದಿತು. ಹಿಂದೆ ಊರ ಹೊರಗೆ ನಿಲ್ಲಿಸಿ ಬಾರಿಸಿದ ತಮಟೆಯು ರಾಷ್ಟ್ರಪತಿ ಭವನದ ಗೌರವವನ್ನು ಪಡೆದುದು ಸಣ್ಣ ಮಾತಲ್ಲ. ಆದರೆ ಭೀಮವ್ವನವರಿಗೆ ಈ ಗೌರವ ಬಂದುದು ತೊಂಬತ್ತು ದಾಟಿದ ಮೇಲೆ. ಸುಕ್ರಿಯವರು 2025ರ ಫೆಬ್ರವರಿಯಲ್ಲಿ ನಮ್ಮನ್ನಗಲಿದರು. ಮುದುಕರ ಕೊರಳಿಗೆ ಹಾರ ಹಾಕುವುದರ ಜೊತೆಗೆ ಅವರ ಕೊರಳಲ್ಲಿರುವುದನ್ನು ಕಿರಿಯರ ಕೊರಳಿಗೆ ದಾಟಿಸುವ ಏರ್ಪಾಡು ಆಗದಿದ್ದರೆ, ಹಾರವು ಬಾಡುವುದಕ್ಕೆ ಮೊದಲೇ ಹಾಡು ಬಾಡೀತು.

ಕಾಲವು ಕೈಬಿಟ್ಟುದನ್ನು ಬಲವಂತವಾಗಿ ಏಕೆ ಉಳಿಸಬೇಕೆಂದು ಕೆಲವರು ಕೇಳುವುದುಂಟು. ಈ ಪ್ರಶ್ನೆಯನ್ನು ನಾವು ತಿರಸ್ಕರಿಸುವುದಿಲ್ಲ. ನಮ್ಮ ಹೆಣ್ಣುಮಕ್ಕಳನ್ನು ಮತ್ತೆ ಬೀಸುವ ಕಲ್ಲಿನ ಮುಂದೆ ಕೂರಿಸಬೇಕೆಂದಾಗಲಿ, ತಮಟೆಯನ್ನು ಒಂದು ಜಾತಿಯ ಚಾಕರಿಯಾಗಿಯೇ ಇಡಬೇಕೆಂದಾಗಲಿ ಯಾವ ವಿವೇಕಿಯೂ ಬಯಸಲಾರನು. ದುಡಿಮೆಯ ನೋವೂ ಜಾತಿಯ ಅವಮಾನವೂ ತೊಲಗಲಿ. ಆದರೆ ಆ ನೋವಿನ ನಡುವೆಯೂ ನಮ್ಮ ಜನ ಕಟ್ಟಿಕೊಂಡ ಲಯ, ಮಾತು, ವಿವೇಕಗಳು ಏಕೆ ತೊಲಗಬೇಕು? ಸಂಗೀತದ ವಿದ್ವಾಂಸರಿಗೆ ಸಭೆಗಳಿವೆ, ಪಾಠಶಾಲೆಗಳಿವೆ, ಪರೀಕ್ಷೆಗಳಿವೆ. ಅಕ್ಷರವರಿಯದೆ ಸಾವಿರ ಪದಗಳನ್ನು ನೆನಪಿನಲ್ಲಿಟ್ಟ ಮುದುಕಿಯೂ ವಿದ್ವಾಂಸಳೇ ಎಂದು ಒಪ್ಪುವುದಾದರೆ ಅವಳಿಗೂ ಅಂತಹುದೇ ಆಶ್ರಯ ಸಲ್ಲತಕ್ಕದ್ದು.

ಇದಕ್ಕಾಗಿ ಅಸಾಧ್ಯವಾದುದೇನನ್ನೂ ನಾವು ಸೂಚಿಸುತ್ತಿಲ್ಲ. ಉತ್ಸವಕ್ಕೆ ಬರುವ ಪ್ರತಿಯೊಬ್ಬ ಹಿರಿಯ ಕಲಾವಿದನೂ ತನ್ನೊಡನೆ ಒಬ್ಬ ಶಿಷ್ಯನನ್ನು ಕರೆತರುವಂತೆಯೂ, ಶಿಷ್ಯನಿಗೂ ಸಂಭಾವನೆ ಸಲ್ಲುವಂತೆಯೂ ಮಾಡಬಹುದು. ಸರ್ಕಾರದ ಮೇಳಗಳಲ್ಲಿ ಹಾಡಿ ಕುಣಿದವರ ಸಂಭಾವನೆಯು ಮಧ್ಯವರ್ತಿಗಳಿಲ್ಲದೆ, ಅಲೆದಾಟವಿಲ್ಲದೆ ನೇರವಾಗಿ ಅವರ ಕೈ ಸೇರಬೇಕು. ವೃದ್ಧ ಕಲಾವಿದರ ಮಾಸಾಶನವು ತಿಂಗಳು ತಪ್ಪದೆ ತಲುಪಬೇಕು. ಮಂತ್ರಿಗಳ ಮೆರವಣಿಗೆಯ ಮುಂದೆ ಬಿಸಿಲಿನಲ್ಲಿ ಗಂಟೆಗಟ್ಟಲೆ ಕುಣಿಸಿ ಕಲಾವಿದರನ್ನು ಅಲಂಕಾರದ ತೋರಣದಂತೆ ಬಳಸುವ ಪದ್ಧತಿಯು ನಿಲ್ಲಬೇಕು. ಪ್ರತಿಯೊಂದು ತಾಲ್ಲೂಕಿನ ಶಾಲೆಗಳಲ್ಲಿಯೂ ವಾರಕ್ಕೊಂದು ತಾಸು ಆ ತಾಲ್ಲೂಕಿನದೇ ಕಲಾವಿದನೊಬ್ಬನು ಉಪಾಧ್ಯಾಯನಾಗಿ ನಿಂತರೆ, ಅವನಿಗೆ ಜೀವನವೂ ಮಕ್ಕಳಿಗೆ ವಿದ್ಯೆಯೂ ಏಕಕಾಲಕ್ಕೆ ಒದಗುವುವು. ಶಿಗ್ಗಾಂವಿಯ ಬಳಿ 2011ರಲ್ಲಿ ಸ್ಥಾಪಿತವಾದ ಜಾನಪದ ವಿಶ್ವವಿದ್ಯಾಲಯವು ಇಂತಹ ಉಪಾಧ್ಯಾಯರನ್ನು ಗುರುತಿಸಿ ಕೊಡಲು ತಕ್ಕ ಸಂಸ್ಥೆ.

ಇನ್ನೊಂದು ಸಂಗತಿಯೂ ಗಮನಾರ್ಹ. 2023ರಲ್ಲಿ ಬೆಂಗಳೂರು ಮೈಸೂರುಗಳ ನಡುವೆ ಹೊಸ ಹೆದ್ದಾರಿಯು ತೆರೆದ ಮೇಲೆ ರಾಮನಗರ ಚನ್ನಪಟ್ಟಣಗಳು ಪಕ್ಕಕ್ಕೆ ಉಳಿದಿವೆ. ಹಿಂದೆ ದಾರಿಹೋಕನಿಗೆ ತಾನಾಗಿಯೇ ಎದುರಾಗುತ್ತಿದ್ದ ಜಾನಪದ ಲೋಕದ ಹೆಬ್ಬಾಗಿಲು, ಇಂದು ಹಳೆಯ ರಸ್ತೆಗೆ ಇಳಿದು ಅರಸಿ ಹೋಗುವವನಿಗೆ ಮಾತ್ರ ಕಾಣುತ್ತದೆ. ಅರ್ಧ ತಾಸು ಉಳಿಸುವ ಅವಸರದಲ್ಲಿ ನಾವು ಯಾವುದನ್ನು ದಾಟಿಹೋಗುತ್ತಿದ್ದೇವೆಂಬ ಅರಿವು ಪ್ರಯಾಣಿಕನಿಗೆ ಇರಬೇಡವೆ? ಹೆದ್ದಾರಿಯಲ್ಲಿ ಸ್ಪಷ್ಟವಾದ ಸೂಚನಾಫಲಕಗಳನ್ನು ನಿಲ್ಲಿಸುವುದೂ, ಉತ್ಸವದ ದಿನಗಳಲ್ಲಿ ಬೆಂಗಳೂರು ಮೈಸೂರುಗಳಿಂದ ವಿಶೇಷ ಬಸ್ಸುಗಳನ್ನು ಓಡಿಸುವುದೂ ಅಲ್ಪವ್ಯಯದ ಕೆಲಸಗಳು.

ಸರ್ಕಾರವನ್ನು ಎಚ್ಚರಿಸಿದ ಮಾತ್ರಕ್ಕೆ ನಗರವಾಸಿಗಳ ಕರ್ತವ್ಯವು ತೀರಲಿಲ್ಲ. ಮನೆಯ ಮದುವೆಗೆ ಲಕ್ಷಗಟ್ಟಲೆ ಸುರಿಯುವ ಗೃಹಸ್ಥರು ಒಂದು ಗೊಂಬೆಯಾಟವನ್ನೋ ಸೋಬಾನೆಯ ಮೇಳವನ್ನೋ ಗೌರವದಿಂದ ಕರೆಸಿ, ತಕ್ಕ ಸಂಭಾವನೆಯನ್ನೂ ಎಲೆಯ ಮುಂದೆ ಸಮಾನ ಸ್ಥಾನವನ್ನೂ ಕೊಡಬಾರದೇಕೆ? ಮಕ್ಕಳನ್ನು ಕರೆದುಕೊಂಡು ಉತ್ಸವಕ್ಕೆ ಹೋಗಿ, ಛಾಯಾಚಿತ್ರ ತೆಗೆದು ಹಿಂದಿರುಗುವ ಬದಲು, ಬಾರಿಸಿದವನ ಹೆಸರನ್ನೂ ಊರನ್ನೂ ಕೇಳಿ ತಿಳಿದುಬಂದರೂ ಅದು ಒಂದು ಆರಂಭವಾದೀತು.

ನಾಗೇಗೌಡರು ಒಬ್ಬ ಅಧಿಕಾರಿಯಾಗಿದ್ದುಕೊಂಡೇ ಹಳ್ಳಿಯ ಅಂಗಳದಲ್ಲಿ ಕುಳಿತು ಕಿವಿಗೊಟ್ಟರು. ಅವರ ಕುರ್ಚಿಯಲ್ಲಿ ಈಗ ಕುಳಿತಿರುವವರು ಆ ಕಿವಿಯನ್ನೂ ಉತ್ತರಾಧಿಕಾರವಾಗಿ ಪಡೆಯಲಿ. ಮುಂದಿನ ಲೋಕೋತ್ಸವದಲ್ಲಿ ಪ್ರತಿಯೊಬ್ಬ ಹಿರಿಯನ ಪಕ್ಕದಲ್ಲಿಯೂ ಒಬ್ಬ ಕಿರಿಯನು ನಿಂತಿರುವುದನ್ನು ನಾಡು ನೋಡುವಂತಾಗಲಿ ಎಂದು ಹಾರೈಸುತ್ತೇವೆ.