ಐದು ಕೋಟಿಯ ಮಿತಿ, ಬಾವಲಿಯ ಗಡಿ

2020ರ ಅಕ್ಟೋಬರ್ 1ರಂದು ಜಿಎಸ್‌ಟಿಯ ಇ-ಇನ್‌ವಾಯ್ಸ್ ಜಾರಿಗೆ ಬಂದಾಗ ಮೈಸೂರು ಜಿಲ್ಲೆಯ ಸರಗೂರಿನ ವರ್ತಕರು ತಲೆ ಕೆಡಿಸಿಕೊಳ್ಳಲಿಲ್ಲ. ವರ್ಷಕ್ಕೆ 500 ಕೋಟಿ ರೂಪಾಯಿ ಮೀರಿ ವಹಿವಾಟು ನಡೆಸುವವರ ಪಾಡು ಅದು. ಮೂರೇ ತಿಂಗಳಲ್ಲಿ ಮಿತಿ 100 ಕೋಟಿಗೆ ಬಂತು. ಆಮೇಲೆ 50, 20, 10 ಎಂದು ಇಳಿಯುತ್ತಾ 2023ರ ಆಗಸ್ಟ್ 1ಕ್ಕೆ 5 ಕೋಟಿಗೆ ನಿಂತಿತು. ಸಣ್ಣ ಊರಿನ ಅಂಗಡಿಗಳು ಈಗಲೂ ಹೆಚ್ಚಾಗಿ ಆ ಗೆರೆಯ ಕೆಳಗೇ ಇವೆ. ಆದರೂ ಇ-ಇನ್‌ವಾಯ್ಸ್ ಇಲ್ಲಿಗೂ ಬಂದಿದೆ, ಕಂಪನಿಯ ಲಾರಿ ಹತ್ತಿ.

ಸಿಮೆಂಟು ಲೋಡಿನ ಜೊತೆ ಬರುವ ಬಿಲ್ಲನ್ನೇ ನೋಡಿ. ಒಂದು ಮೂಲೆಯಲ್ಲಿ ಕ್ಯೂಆರ್ ಕೋಡ್, ಜೊತೆಗೆ 64 ಅಕ್ಷರ-ಅಂಕಿಗಳ ಉದ್ದನೆಯ ನೋಂದಣಿ ಸಂಖ್ಯೆ. ಸರ್ಕಾರದ ಪೋರ್ಟಲಿಗೆ ಹೋಗಿ ಆ ಸಂಖ್ಯೆ ಪಡೆಯದಿದ್ದರೆ, ಮಿತಿ ದಾಟಿದ ಕಂಪನಿಯ ಕಾಗದಕ್ಕೆ ಬಿಲ್ಲಿನ ಬೆಲೆಯೇ ಇಲ್ಲ. ಅದೇ ವಿವರ ಕಂಪನಿಯ ರಿಟರ್ನಿನಲ್ಲಿ ತಾನಾಗಿ ಕೂರುತ್ತದೆ. ‘ನಮ್ಮ ಬಿಲ್ಲು ಏರಿಸಿದ್ರಾ ಸಾರ್’ ಎಂದು ತಿಂಗಳು ತಿಂಗಳು ಮೈಸೂರಿಗೆ ಫೋನು ಹಚ್ಚುವ ಕಷ್ಟ ಕಡಿಮೆಯಾಗಿದೆ. ಐದಾರು ವರ್ಷಗಳಲ್ಲಿ ಸಣ್ಣ ವರ್ತಕನಿಗೆ ದಕ್ಕಿದ ನಿಜವಾದ ಲಾಭ ಇದೊಂದೇ ಎನ್ನಬೇಕು.

ಇ-ಇನ್‌ವಾಯ್ಸ್‌ನ ಅಣ್ಣನಂತಿರುವ, ಸರಕು ಸಾಗಣೆಯ ಇ-ವೇ ಬಿಲ್ಲನ್ನು ಎಲ್ಲರಿಗಿಂತ ಮೊದಲು, 2017ರ ಸೆಪ್ಟೆಂಬರ್‌ನಲ್ಲೇ, ಜಾರಿಗೆ ತಂದದ್ದು ಕರ್ನಾಟಕ. ಇವತ್ತು ಕೇರಳ ಗಡಿಯ ಬಾವಲಿ ದಾಟಿ ಮಾನಂದವಾಡಿಗೆ ಹೋಗುವ ಲಾರಿಯನ್ನು ಸಂಜೆ ಆರಕ್ಕೆ ತಡೆಯುವುದು ಕಾಡಿನ ಗೇಟು, ತೆರಿಗೆಯದಲ್ಲ. ಆದರೆ ಆ ಲಾರಿಯಲ್ಲಿರುವುದು ಹಸಿ ಶುಂಠಿಯಾದರೆ ಇ-ಇನ್‌ವಾಯ್ಸ್‌ನ ಮಾತೇ ಇಲ್ಲ, ಅದಕ್ಕೆ ತೆರಿಗೆಯಿಲ್ಲ. 60 ಕಿಲೋ ಚೀಲದ ಲೆಕ್ಕದಲ್ಲಿ ಶುಂಠಿ ಕೊಟ್ಟ ರೈತನ ಕೈಯಲ್ಲಿ ಉಳಿಯುವುದು ಚೀಟಿ. ತೂಕದಲ್ಲೋ ದರದಲ್ಲೋ ತಕರಾರು ಬಂದರೆ ಆ ಚೀಟಿಯನ್ನು ಕೇಳುವವರಿಲ್ಲ.

ಹೊಗೆಸೊಪ್ಪಿನ ಕಥೆ ಬೇರೆ. ಹುಣಸೂರು, ಪಿರಿಯಾಪಟ್ಟಣದ ಹರಾಜು ಮಾರುಕಟ್ಟೆಯಲ್ಲಿ ಬೇಲುಗಳನ್ನು ಕೊಂಡವರು ರಫ್ತು ಮಾಡುವಾಗ ಆ ಬಿಲ್ಲೂ ಪೋರ್ಟಲಿಗೆ ಹೋಗಬೇಕು. ಆದರೆ ನಮ್ಮ ಸಂಖ್ಯೆಗೆ ಬೆಲೆ ಬಂದರಿನವರೆಗೆ ಮಾತ್ರ. ಭಾರತದ ಹೊಗೆಸೊಪ್ಪನ್ನು ದೊಡ್ಡ ಪ್ರಮಾಣದಲ್ಲಿ ಕೊಳ್ಳುವ ಬೆಲ್ಜಿಯಂ 2026ರ ಜನವರಿ 1ರಿಂದ ತನ್ನ ವರ್ತಕರ ನಡುವೆ ಇ-ಇನ್‌ವಾಯ್ಸ್ ಕಡ್ಡಾಯ ಮಾಡಿದೆ. ಅಲ್ಲಿನದು ಪೆಪ್ಪೋಲ್ ಎಂಬ ಬೇರೆಯೇ ಜಾಲ. ಯುರೋಪಿಯನ್ ಒಕ್ಕೂಟದ ದೇಶಗಳು ತಮ್ಮೊಳಗಿನ ಗಡಿಯಾಚೆಯ ವ್ಯಾಪಾರಕ್ಕೆ 2030ರ ಜುಲೈ ಗಡುವು ಹಾಕಿಕೊಂಡಿವೆ. ಸಿಂಗಪುರದೊಡನೆ ಯುಪಿಐ ಹಣ ದಾಟಿಸಿದ ನಾವು, ಬಿಲ್ಲು ದಾಟಿಸುವ ಒಪ್ಪಂದಕ್ಕೆ ಅಷ್ಟೇ ಆಸ್ಥೆ ತೋರಿಸಿಲ್ಲ.

ಮಿತಿ ಮತ್ತೆ ಇಳಿದೀತು ಎಂಬ ಅಳುಕು ಪೇಟೆಯಲ್ಲಿದೆ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ಹೋದ ನೋಟಿಸುಗಳು ಆ ಅಳುಕಿಗೆ ಉಪ್ಪು-ಖಾರ ಹಾಕಿವೆ. ಬಿಲ್ಲಿನಲ್ಲಿ ತಪ್ಪಾದರೆ ಪೋರ್ಟಲಿನಲ್ಲಿ ರದ್ದು ಮಾಡಲು ಇರುವುದು 24 ಗಂಟೆ. ಲೆಕ್ಕ ಬರೆಯುವವನು ವಾರಕ್ಕೊಮ್ಮೆ ಬಂದು ಹೋಗುವ ಅಂಗಡಿಗೆ ಈ ಗಡುವು ಸಾಲದು. ಜಿಎಸ್‌ಟಿ ಮಂಡಳಿ ಮಿತಿಯನ್ನು ಇನ್ನೂ ಇಳಿಸುವುದಾದರೆ, ಮೊದಲು ಈ ಗಡುವನ್ನು ಒಂದು ವಾರಕ್ಕೆ ಹಿಗ್ಗಿಸಲಿ.