ಮರದ ಕುದುರೆ

ಕೋಟೆಯನ್ನು ಹೊರಗಿನಿಂದ ಒಡೆಯುವುದು ಕಷ್ಟ. ಒಳಗಿನವರೇ ಬಾಗಿಲು ತೆರೆದರೆ ಅದಕ್ಕಿಂತ ಸುಲಭವಾದ ಕೆಲಸ ಬೇರೊಂದಿಲ್ಲ. ಗ್ರೀಕರು ಟ್ರಾಯ್ ನಗರವನ್ನು ಹತ್ತು ವರ್ಷ ಮುತ್ತಿದರೂ ಅದು ಅವರ ವಶವಾಗಲಿಲ್ಲ. ಕೊನೆಗೆ ಅವರು ಬೃಹದಾಕಾರದ ಮರದ ಕುದುರೆಯೊಂದನ್ನು ಮಾಡಿ, ಅದರ ಹೊಟ್ಟೆಯಲ್ಲಿ ಯೋಧರನ್ನು ಅಡಗಿಸಿ, ಹಡಗುಗಳನ್ನೇರಿ ಹಿಂದಿರುಗಿದಂತೆ ನಟಿಸಿದರು. ಟ್ರಾಯ್ ನಗರದ ಜನ ಅದನ್ನು ದೇವತೆಗೆ ಅರ್ಪಿಸಿದ ಕಾಣಿಕೆಯೆಂದು ನಂಬಿ, ತಮ್ಮ ಕೋಟೆಯ ಗೋಡೆಯನ್ನು ತಾವೇ ಕೆಡವಿ ಒಳಕ್ಕೆ ಎಳೆದುಕೊಂಡರೆಂದು ರೋಮನ್ ಕವಿ ವರ್ಜಿಲನು ವರ್ಣಿಸಿದ್ದಾನೆ. ಆ ರಾತ್ರಿಯೇ ನಗರ ಸುಟ್ಟುಹೋಯಿತು. ನಮ್ಮ ರಾಮಾಯಣದಲ್ಲಿಯೂ ರಾವಣನು ರಾವಣನಾಗಿಯೇ ಬಂದಿದ್ದರೆ ಸೀತೆ ಅವನನ್ನು ಆದರಿಸುತ್ತಿದ್ದಳೆ? ಅವನನ್ನು ಆಶ್ರಮದ ಬಾಗಿಲಿಗೆ ತಂದುದು ಸನ್ಯಾಸಿಯ ವೇಷ.

ಗಣಕಯಂತ್ರದ ಲೋಕದಲ್ಲಿ ಇಂಥ ವೇಷಧಾರಿ ತಂತ್ರಾಂಶವನ್ನು 'ಟ್ರೋಜನ್' ಎಂದು ಕರೆಯುತ್ತಾರೆ. ವೈರಸ್ಸು ತನ್ನ ಪ್ರತಿಗಳನ್ನು ತಾನೇ ಮಾಡಿಕೊಂಡು ಹರಡುತ್ತದೆ, ಟ್ರೋಜನ್ ಹಾಗಲ್ಲ. ಅದು ನಮ್ಮ ಕೈಯಿಂದಲೇ ಒಳಗೆ ಬರಬೇಕು. ಆದುದರಿಂದ ಅದು ಪುಕ್ಕಟೆ ಆಟವಾಗಿ, ಕಳ್ಳಪ್ರತಿಯ ತಂತ್ರಾಂಶವಾಗಿ, ಕಚೇರಿಯ ಪತ್ರವಾಗಿ, ಕೆಲವೊಮ್ಮೆ ವೈರಸ್ ತೆಗೆಯುವ ಸಾಧನವಾಗಿಯೂ ಬರುತ್ತದೆ. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ. ಒಳಹೊಕ್ಕ ಮೇಲೆ, ಯಂತ್ರವನ್ನು ಚಾಲೂ ಮಾಡಿದಾಗಲೆಲ್ಲ ತಾನೂ ಎಚ್ಚರಗೊಳ್ಳುವಂತೆ ಏರ್ಪಾಡು ಮಾಡಿಕೊಳ್ಳುತ್ತದೆ. ನಾವು ಒತ್ತುವ ಅಕ್ಷರಗಳನ್ನು ಕದ್ದು ನೋಡುತ್ತದೆ. ಹೊರಗಿನ ಕಳ್ಳರಿಗೆ ಹಿತ್ತಿಲ ಬಾಗಿಲನ್ನು ತೆರೆದಿಡುತ್ತದೆ.

ಇದು ಹೊಸ ಪಿಡುಗೇನೂ ಅಲ್ಲ. 1989ರ ಡಿಸೆಂಬರಿನಲ್ಲಿ ಸುಮಾರು 20,000 ಫ್ಲಾಪಿ ತಟ್ಟೆಗಳು ಅಂಚೆಯ ಮೂಲಕ ಹಲವು ದೇಶಗಳ ಜನರಿಗೆ ತಲುಪಿದವು. ಏಡ್ಸ್ ರೋಗದ ಬಗೆಗೆ ತಿಳಿವಳಿಕೆ ನೀಡುವುದಾಗಿ ಅವುಗಳ ಮೇಲೆ ಬರೆದಿತ್ತು. ಯಂತ್ರವನ್ನು ಸುಮಾರು 90 ಬಾರಿ ಚಾಲೂ ಮಾಡುವವರೆಗೆ ಸುಮ್ಮನಿದ್ದ ಆ ತಂತ್ರಾಂಶ, ಬಳಿಕ ಕಡತಗಳ ಹೆಸರುಗಳನ್ನೆಲ್ಲ ಗೂಢಲಿಪಿಯಾಗಿಸಿ, 189 ಡಾಲರುಗಳನ್ನು ಪನಾಮಾ ದೇಶದ ಅಂಚೆಪೆಟ್ಟಿಗೆಗೆ ಕಳುಹಿಸುವಂತೆ ಆದೇಶಿಸಿತು. ಅರಿವಿನ ಹಂಬಲವನ್ನೇ ಮೋಸಗಾರನು ಬಲೆಯಾಗಿ ಬಳಸಿದ್ದನು.

ಇತರರ ಕಥೆ ಹೇಳಿದ ಮೇಲೆ ನನ್ನದನ್ನು ಮರೆಮಾಚುವುದು ಸರಿಯಲ್ಲ. ಕೆಲವು ವರ್ಷಗಳ ಹಿಂದೆ, ನಿವೃತ್ತಿ ವೇತನದ ಪರಿಷ್ಕರಣೆಗೆ ಸಂಬಂಧಿಸಿದ್ದೆಂದು ಹೇಳಿಕೊಂಡ ಮಿಂಚಂಚೆಯೊಂದು ನನಗೆ ಬಂದಿತು. ಜೊತೆಗಿದ್ದ ಕಡತವನ್ನು ತೆರೆದೆ. ಏನೂ ಕಾಣಿಸಲಿಲ್ಲ. ಮಾರನೆಯ ದಿನದಿಂದ ಯಂತ್ರ ಮಂದವಾಯಿತು. ನಾನು ಬರೆಯದ ಪತ್ರಗಳು ನನ್ನ ಹೆಸರಿನಲ್ಲಿ ಪರಿಚಿತರಿಗೆ ಹೋಗತೊಡಗಿದವು. ಊರಿಗೆ ಬುದ್ಧಿ ಹೇಳಿದ ಮೇಷ್ಟರು ಮೋಸಹೋದರೆಂದು ಜನ ನಕ್ಕಾರೆಂಬ ಅಳುಕಿನಿಂದ ಹತ್ತು ದಿನ ಯಾರಿಗೂ ಹೇಳಲಿಲ್ಲ. ಅಷ್ಟರಲ್ಲಿ ನನ್ನ ಹಿರಿಯ ಸಹೋದ್ಯೋಗಿಯೊಬ್ಬರು, ಪತ್ರ ನನ್ನಿಂದ ಬಂದುದೆಂದು ನಂಬಿ ಅದನ್ನು ತೆರೆದರು. ಅವರು ಇಪ್ಪತ್ತು ವರ್ಷ ಊರೂರು ಅಲೆದು ಸಂಗ್ರಹಿಸಿ, ಬೆರಳಚ್ಚು ಮಾಡಿಟ್ಟಿದ್ದ ಜನಪದ ಗೀತೆಗಳೆಲ್ಲ ಗೂಢಲಿಪಿಯಾಗಿ ಹೋದವು. ನನ್ನ ಹೆಸರೇ ಅವರ ಪಾಲಿನ ಮರದ ಕುದುರೆಯಾಯಿತು.

ನನ್ನ ಯಂತ್ರವನ್ನು ಶುದ್ಧಗೊಳಿಸಿದವನು ಹಳೆಯ ಶಿಷ್ಯನೊಬ್ಬ. ಅವನು ಮೊದಲು ಅಂತರಜಾಲದ ಸಂಪರ್ಕವನ್ನು ಕಡಿದನು. ಕಳ್ಳನು ಹೊರಗಿನವರೊಡನೆ ಮಾತನಾಡದಂತೆ ಮಾಡುವುದು ಮೊದಲ ಕೆಲಸ. ಅನಂತರ, ಅತ್ಯಗತ್ಯವಾದ ಭಾಗಗಳಷ್ಟೇ ಚಾಲನೆಗೊಳ್ಳುವ 'ಸೇಫ್ ಮೋಡ್' ಎಂಬ ಸ್ಥಿತಿಯಲ್ಲಿ ಯಂತ್ರವನ್ನು ತೆರೆದು, ಇತ್ತೀಚಿನ ಮಾಹಿತಿಯುಳ್ಳ ರಕ್ಷಕ ತಂತ್ರಾಂಶದಿಂದ ಎಲ್ಲ ಕಡತಗಳನ್ನೂ ಶೋಧಿಸಿದನು. ತಾನಾಗಿ ಚಾಲೂ ಆಗುವ ತಂತ್ರಾಂಶಗಳ ಪಟ್ಟಿಯಿಂದ ಅಪರಿಚಿತವಾದುದನ್ನು ಕಿತ್ತುಹಾಕಿದನು. ಗುಪ್ತಪದಗಳನ್ನೆಲ್ಲ ಬೇರೊಂದು ಶುದ್ಧವಾದ ಯಂತ್ರದಿಂದ ಬದಲಾಯಿಸಿದನು. ರೋಗಪೀಡಿತ ಯಂತ್ರದಲ್ಲಿಯೇ ಬದಲಾಯಿಸಿದರೆ ಹೊಸ ಗುಪ್ತಪದವೂ ಕಳ್ಳನ ಕೈಸೇರುತ್ತದೆ. ಆಗಲೂ ಸಂಶಯ ಉಳಿದರೆ, ಎಲ್ಲವನ್ನೂ ಅಳಿಸಿ ಕಾರ್ಯಾಚರಣ ವ್ಯವಸ್ಥೆಯನ್ನು ಹೊಸದಾಗಿ ಸ್ಥಾಪಿಸುವುದೊಂದೇ ದಾರಿಯೆಂದನು. ಬೇರೆಡೆ ಪ್ರತಿ ಇಟ್ಟವನಿಗೆ ಅದರಿಂದ ಹೆಚ್ಚಿನ ನಷ್ಟವಿಲ್ಲ. ಕೆಲಸ ಮುಗಿಸಿ ಅವನು, "ಮೇಷ್ಟ್ರೇ, ಮೊದಲ ದಿನವೇ ಹೇಳಿಕಳಿಸಿದ್ದರೆ ಇಷ್ಟಾಗುತ್ತಿರಲಿಲ್ಲ" ಎಂದಷ್ಟೇ ನುಡಿದನು.

ಆ ಮಾತು ಇಂದಿಗೂ ನನ್ನ ಮನಸ್ಸನ್ನು ಚುಚ್ಚುತ್ತದೆ. ಟ್ರೋಜನ್ನಿನ ಮೊದಲ ಬಲ ಅದರ ವೇಷ. ಎರಡನೆಯ ಬಲ ಮೋಸಹೋದವನ ನಾಚಿಕೆ. ಮೊದಲನೆಯದಕ್ಕೆ ತಂತ್ರಜ್ಞರ ನೆರವುಂಟು. ಎರಡನೆಯದಕ್ಕೆ ಔಷಧ ನಮ್ಮ ಕೈಯಲ್ಲಿಯೇ ಇದೆ. ಮೋಸಹೋದ ಮಗುವನ್ನು ಬೈಯುವ ಮನೆಯಲ್ಲಿ ಮುಂದಿನ ಮೋಸ ಗುಟ್ಟಾಗಿಯೇ ಬೆಳೆಯುತ್ತದೆ. ಕಾಯಿಲೆಯನ್ನು ಮುಚ್ಚಿಡಬಾರದೆಂದು ಕಲಿಸುವ ನಾವು ಇದನ್ನೇಕೆ ಕಲಿಸಬಾರದು? ಹಣ ಕಳೆದುಕೊಂಡವರು ಕೂಡಲೇ ತಿಳಿಸಲೆಂದೇ ನಮ್ಮ ದೇಶದಲ್ಲಿ 1930 ಎಂಬ ಸಹಾಯವಾಣಿಯಿದೆ. ಅಲ್ಲಿಯೂ ತಡಮಾಡಿದಷ್ಟೂ ಹಣ ಕೈತಪ್ಪುತ್ತದೆ.

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಹಿರಿಯರ ಮಾತು ನೆನಪಿರಲಿ. ಎಚ್ಚರ ತಪ್ಪಿತೆ? ಬಾಯಿಬಿಟ್ಟು ಹೇಳಿ. ನನ್ನ ಸಹೋದ್ಯೋಗಿಯವರಲ್ಲಿ, ಪುಣ್ಯಕ್ಕೆ, ಹಳೆಯ ಕೈಬರಹದ ಪುಸ್ತಕಗಳಲ್ಲಿ ಕೆಲವು ಉಳಿದಿವೆ. ಈಗ ಪ್ರತಿ ಭಾನುವಾರ ಅವರು ಓದುತ್ತಾರೆ. ನಾನು ಬೆರಳಚ್ಚು ಮಾಡುತ್ತೇನೆ. ಏಳುವ ಮೊದಲು ಇಬ್ಬರೂ ಮರೆಯದೆ ಮತ್ತೊಂದು ಪ್ರತಿಯನ್ನು ತೆಗೆದಿಡುತ್ತೇವೆ.